ಯೋಹಾನ 5: ಮೂರಾದ ಮೇಲೆ ಐದು, ನಾಲ್ಕೆಲ್ಲಿ?

ಪ್ರಶ್ನೆ: ನನ್ನ ಬೈಬಲ್‌ನಲ್ಲಿ ಯೋಹಾನನ 5ನೇ ಅಧ್ಯಾಯ 3ನೇ ವಚನದಿಂದ ನೇರ 5ಕ್ಕೆ ಹಾರುತ್ತದೆ. ಇನ್ನೊಂದು ಅನುವಾದದಲ್ಲಿ 4 ಇದೆ. ಯಾರಾದರೂ ತೆಗೆದುಹಾಕಿದರೇ?

ಹಳೆಯ ಹಸ್ತಪ್ರತಿಗಳನ್ನು ನೋಡಿದರೆ, ಆ ವಚನ ಆಮೇಲೆ ಬಂದು ಸೇರಿಕೊಂಡದ್ದು.

ಜೆರುಸಲೇಮಿನ ಕುರಿಬಾಗಿಲ ಬಳಿ ಐದು ಮಂಟಪಗಳ ಕೊಳ. ಸುತ್ತ ರೋಗಿಗಳು ಮಲಗಿದ್ದಾರೆ. ಅವರಲ್ಲಿ 38 ವರ್ಷದಿಂದ ನರಳುತ್ತಿರುವ ಒಬ್ಬ 7ನೇ ವಚನದಲ್ಲಿ ಯೇಸುವಿಗೆ ಗೋಳು ಹೇಳಿಕೊಳ್ಳುತ್ತಾನೆ: ನೀರು ಕಲಕಿದಾಗ ನನ್ನನ್ನು ಇಳಿಸುವವರಿಲ್ಲ, ನಾನು ಹೋಗುವಷ್ಟರಲ್ಲಿ ಇನ್ನೊಬ್ಬ ಇಳಿದಿರುತ್ತಾನೆ. ನೀರು ಕಲಕುವುದೇಕೆ, ಮೊದಲು ಇಳಿದರೆ ಏನು ಲಾಭ? ಕಥೆ ಬಾಯಿ ಬಿಡುವುದಿಲ್ಲ. ಆ ತೆರಪಿಗೆ ಅಳತೆ ಮಾಡಿ ಹೊಲಿದಂತಿದೆ 4ನೇ ವಚನ: ದೇವದೂತ ಆಗಾಗ ಇಳಿದು ನೀರು ಕಲಕುತ್ತಿದ್ದ, ಆಮೇಲೆ ಮೊದಲು ಇಳಿದವನ ರೋಗ ವಾಸಿಯಾಗುತ್ತಿತ್ತು.

ಸುಮಾರು ಕ್ರಿ.ಶ. 200ರದೆಂದು ಎಣಿಸುವ ಪಪೈರಸ್ 66 ಎಂಬ ಗ್ರೀಕ್ ಹಸ್ತಪ್ರತಿಯಲ್ಲಿ ಈ ಸಾಲಿಲ್ಲ. ಪಪೈರಸ್ 75ರಲ್ಲಿಲ್ಲ, 4ನೇ ಶತಮಾನದ ವ್ಯಾಟಿಕಾನಸ್, ಸಿನೈಟಿಕಸ್ ಎಂಬ ಬೈಬಲ್ ಹಸ್ತಪ್ರತಿಗಳಲ್ಲೂ ಇಲ್ಲ. 5ನೇ ಶತಮಾನದ ಅಲೆಕ್ಸಾಂಡ್ರಿನಸ್‌ನಲ್ಲಿದೆ, ಆದರೆ ಅಲ್ಲಿನ ದೂತ ಕೊಳಕ್ಕೆ ಇಳಿಯುವುದಿಲ್ಲ, ಸ್ನಾನ ಮಾಡುತ್ತಾನೆ! ಕೆಲವು ಪ್ರತಿಗಳಲ್ಲಿ 3ನೇ ವಚನದ ಕೊನೆಗೆ ಬರುವ ಬಾಲ, ‘ನೀರು ಕಲಕುವುದನ್ನು ಕಾಯುತ್ತಾ’ ಎಂಬುದು, ಅಲೆಕ್ಸಾಂಡ್ರಿನಸ್‌ನ ಮೂಲ ಲಿಪಿಕಾರ ಬರೆದದ್ದರಲ್ಲಿಲ್ಲ. ಕೇಂಬ್ರಿಜ್‌ನಲ್ಲಿರುವ ಬೇಜಾ ಪ್ರತಿಯಲ್ಲಿ ತದ್ವಿರುದ್ಧ: ಬಾಲವಿದೆ, ದೂತನಿಲ್ಲ. ಎರಡು ತುಂಡುಗಳು ಬೇರೆಬೇರೆಯಾಗಿ ಅಲೆದಿವೆ. ವಚನವಿರುವ ಹಲವು ಪ್ರತಿಗಳಲ್ಲಿ ಲಿಪಿಕಾರರೇ ಸಂಶಯದ ಗುರುತು ಹಾಕಿದ್ದಾರೆ.

ಆದದ್ದು ಬಹುಶಃ ಇಷ್ಟು: ಯಾರೋ 7ನೇ ವಚನ ಅರ್ಥವಾಗಲೆಂದು ಅಂಚಿನಲ್ಲಿ ವಿವರಣೆ ಬರೆದರು. ಮುಂದಿನ ಲಿಪಿಕಾರ ಅದನ್ನು ಬಿಟ್ಟುಹೋದ ಸಾಲೆಂದುಕೊಂಡು ಒಳಗೆ ತಂದ. ನಮ್ಮ ತಾಳೆಗರಿ ಸಂಪಾದಕರು ಪ್ರಕ್ಷೇಪ ಎನ್ನುವುದು ಇದನ್ನೇ. ದೂತನ ನಂಬಿಕೆ ಮಾತ್ರ ಹಳೆಯದು, ಸುಮಾರು 200ರ ಹೊತ್ತಿಗೇ ಕ್ರೈಸ್ತ ಲೇಖಕ ತೆರ್ತುಲ್ಲಿಯನ್‌ಗೆ ಗೊತ್ತಿತ್ತು.

ಇನ್ನು ನಂಬರ್. ಹಸ್ತಪ್ರತಿಗಳಲ್ಲಿ ಈಗಿನ ವಚನಸಂಖ್ಯೆಗಳೇ ಇರಲಿಲ್ಲ. 1551ರಲ್ಲಿ ಮುದ್ರಕ ರೊಬೇರ್ ಎತಿಯೆನ್ ಅವನ್ನು ಹಾಕಿದಾಗ ಅವನ ಗ್ರೀಕ್ ಪಠ್ಯದಲ್ಲಿ ಈ ಸಾಲಿತ್ತು, 4 ಸಿಕ್ಕಿತು. ಈಗ ಸಾಲನ್ನು ಅಡಿಟಿಪ್ಪಣಿಗೆ ಇಳಿಸಿ, ಉಳಿದವಕ್ಕೆ ಹೊಸ ನಂಬರ್ ಕೊಟ್ಟರೆ ನಾನ್ನೂರೈವತ್ತು ವರ್ಷಗಳ ಉಲ್ಲೇಖಗಳೆಲ್ಲ ಕೆಡುತ್ತವೆ. ಹಾಗಾಗಿ ತೂತನ್ನು ಹಾಗೆಯೇ ಬಿಟ್ಟಿದ್ದಾರೆ. ಮತ್ತಾಯ 17:21, ಮಾರ್ಕ 9:44 ಮತ್ತು 46 ಕೂಡ ನಿಮ್ಮ ಪ್ರತಿಯಲ್ಲಿ ಕಾಣದಿದ್ದರೆ ಮೊದಲು ಪುಟದ ಬುಡ ನೋಡಿ.