ಹಗೇವಿನಿಂದ ಬರುವ ಸುದ್ದಿ

ಎರಡು ಇಲಿಗಳನ್ನು ಪಕ್ಕಪಕ್ಕ ಮಲಗಿಸಿ, ಒಂದರ ಪಕ್ಕೆಯ ಚರ್ಮವನ್ನು ಇನ್ನೊಂದರ ಪಕ್ಕೆಗೆ ಸೇರಿಸಿ ಹೊಲಿದರೆ, ಕೆಲವೇ ದಿನಗಳಲ್ಲಿ ಗಾಯ ಮಾಯ್ದು, ನಡುವೆ ಸಣ್ಣ ಸಣ್ಣ ರಕ್ತನಾಳಗಳು ಬೆಳೆದು, ಒಂದರ ರಕ್ತ ಇನ್ನೊಂದಕ್ಕೆ ಹರಿಯತೊಡಗುತ್ತದೆ. ಬಾಯಿ ಎರಡು, ಹೊಟ್ಟೆ ಎರಡು, ರಕ್ತ ಮಾತ್ರ ಇಬ್ಬರ ಪಾಲಿನದು. ಕೇಳಲು ಕ್ರೂರ ಅನ್ನಿಸುತ್ತದೆ, ಕ್ರೂರವೇ ಹೌದು. ಆದರೆ ಹಸಿವೆಂದರೇನು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಈ ಹೊಲಿಗೆಯಲ್ಲೇ.

ಹೊಲಿದವರು ಡಗ್ಲಸ್ ಕೋಲ್ಮನ್. ಅಮೆರಿಕದ ಮೇಯ್ನ್ ರಾಜ್ಯದ ಬಾರ್ ಹಾರ್ಬರ್ ಎಂಬ ಕಡಲೂರಿನಲ್ಲಿರುವ ಜಾಕ್ಸನ್ ಪ್ರಯೋಗಾಲಯದಲ್ಲಿ ಅವರಿಗೆ ಕೆಲಸ. ಆ ಪ್ರಯೋಗಾಲಯದಲ್ಲಿ ಎರಡು ಬಗೆಯ ದಢೂತಿ ಇಲಿಗಳಿದ್ದವು. 1949ರಲ್ಲಿ ಕಾಣಿಸಿಕೊಂಡ ‘ಓಬಿ’ ಇಲಿ ಸಾಮಾನ್ಯ ಇಲಿಯ ಮೂರರಷ್ಟು ತೂಗುತ್ತಿತ್ತು. 1966ರಲ್ಲಿ ಕಂಡ ‘ಡಿಬಿ’ ಇಲಿಗೆ ಬೊಜ್ಜಿನ ಜೊತೆ ತೀವ್ರವಾದ ಸಕ್ಕರೆ ಕಾಯಿಲೆಯೂ ಇತ್ತು. ಹಗಲು ರಾತ್ರಿ ತಿನ್ನುವುದರಲ್ಲಿ ಎರಡೂ ಒಂದೇ.

ಕೋಲ್ಮನ್ ಮೊದಲು ಡಿಬಿ ಇಲಿಯನ್ನು ಸಾಮಾನ್ಯ ಇಲಿಗೆ ಹೊಲಿದರು. ಡಿಬಿ ಎಂದಿನಂತೆ ಮೇಯುತ್ತಲೇ ಇತ್ತು. ಪಕ್ಕದಲ್ಲಿದ್ದ ಆರೋಗ್ಯವಂತ ಇಲಿ ಮಾತ್ರ ಮೂತಿಯ ಮುಂದೆ ಆಹಾರವಿದ್ದರೂ ಮುಟ್ಟದೆ, ಸೊರಗಿ ಸೊರಗಿ ಸತ್ತುಹೋಯಿತು. ಆಮೇಲೆ ಡಿಬಿಯನ್ನು ಓಬಿಗೆ ಹೊಲಿದರು. ಅಷ್ಟು ದಿನ ತಿನ್ನುವುದನ್ನೇ ಬದುಕಾಗಿಸಿಕೊಂಡಿದ್ದ ಓಬಿ ಇಲಿ ತಿನ್ನುವುದನ್ನು ಬಿಟ್ಟು, ಅದೂ ಹಸಿದೇ ಸತ್ತಿತು. ಇನ್ನು ಓಬಿಯನ್ನು ಸಾಮಾನ್ಯ ಇಲಿಗೆ ಹೊಲಿದಾಗ ಯಾರೂ ಸಾಯಲಿಲ್ಲ, ಓಬಿಯ ಊಟ ಮಾತ್ರ ಕಡಿಮೆಯಾಯಿತು.

ಇದನ್ನು ಎರಡು ಸಲ ಓದಿ, ಅವಸರ ಬೇಡ. ಡಿಬಿ ಇಲಿಯ ರಕ್ತದಲ್ಲಿ ‘ಸಾಕು, ತುಂಬಿದೆ’ ಎನ್ನುವ ಏನೋ ಒಂದು ಧಾರಾಳವಾಗಿದೆ, ಆದರೆ ಅದು ಡಿಬಿಗೇ ಕೇಳುವುದಿಲ್ಲ. ಓಬಿಗೆ ಆ ಮಾತು ಕೇಳುತ್ತದೆ, ಹೇಳಲು ಬರುವುದಿಲ್ಲ. ಒಂದರಲ್ಲಿ ಬಾಯಿ ಕೆಟ್ಟಿದೆ, ಇನ್ನೊಂದರಲ್ಲಿ ಕಿವಿ. ಆ ವಸ್ತುವನ್ನು ಕಣ್ಣಿಂದ ನೋಡದೆ, ಹೆಸರೂ ಗೊತ್ತಿಲ್ಲದೆ, ಬರೀ ಹೊಲಿಗೆಯಿಂದ ಕೋಲ್ಮನ್ ಇಷ್ಟನ್ನೂ ಊಹಿಸಿದರು. ಬಹಳ ಜನ ನಂಬಲಿಲ್ಲ. 1994ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಓಬಿ ಜೀನನ್ನು ಹಿಡಿದು ಪ್ರಕಟಿಸಿತು. ಆ ಜೀನ್ ಕೆಲಸ ಮಾಡುತ್ತಿದ್ದದ್ದು ಕೊಬ್ಬಿನ ಕೋಶಗಳಲ್ಲಿ! ಅದು ತಯಾರಿಸುವ ಹಾರ್ಮೋನಿಗೆ ಲೆಪ್ಟಿನ್ ಎಂದು ಹೆಸರಾಯಿತು. ಗ್ರೀಕಿನಲ್ಲಿ ಲೆಪ್ಟೋಸ್ ಅಂದರೆ ತೆಳು. ಮರುವರ್ಷ ಅದನ್ನು ಕೇಳಿಸಿಕೊಳ್ಳುವ ಗ್ರಾಹಕವೂ ಸಿಕ್ಕಿತು. ಡಿಬಿ ಇಲಿಯಲ್ಲಿ ಕೆಟ್ಟಿದ್ದದ್ದು ಅದೇ.

ಕೇಳಿಸಿಕೊಳ್ಳುವ ಜಾಗ ಮಿದುಳಿನ ಬುಡದ ಹೈಪೊಥಲಾಮಸ್. ಇಲ್ಲಿ ಒಬ್ಬ ಭಾರತೀಯರನ್ನು ನೆನೆಯದೆ ಮುಂದೆ ಹೋಗಲು ಮನಸ್ಸಾಗದು. 1951ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಬಾಲ್ ಕ್ರಿಶನ್ ಆನಂದ್ ಅವರು ಜಾನ್ ಬ್ರೋಬೆಕ್ ಜೊತೆ ಸೇರಿ, ಹೈಪೊಥಲಾಮಸ್‌ನ ಎರಡು ಬದಿಯ ಒಂದು ಚಿಕ್ಕ ಭಾಗವನ್ನು ಸುಟ್ಟರೆ ಹೆಗ್ಗಣ ಊಟವನ್ನೇ ಬಿಟ್ಟುಬಿಡುತ್ತದೆ ಎಂದು ತೋರಿಸಿದರು. ಮುಂದೆ ದೆಹಲಿಯ ಏಮ್ಸ್‌ನಲ್ಲಿ ಶರೀರಕ್ರಿಯಾ ವಿಜ್ಞಾನದ ವಿಭಾಗ ಕಟ್ಟಿದವರು ಇವರೇ. ಹಸಿವಿನ ವಿಜ್ಞಾನದ ಅಡಿಪಾಯದಲ್ಲಿರುವ ಈ ಹೆಸರು ನಮ್ಮ ಶಾಲೆಯ ಪುಸ್ತಕಗಳಲ್ಲಿ ಇರಬೇಕಿತ್ತು.

ಇಲಿಯ ಕತೆ ಮನುಷ್ಯರಿಗೆ ಹೊಂದುತ್ತದೆಯೇ? 1997ರಲ್ಲಿ ಕೇಂಬ್ರಿಜ್‌ನ ಸ್ಟೀಫನ್ ಓರಾಹಿಲಿ ಮತ್ತು ಸದಾಫ್ ಫಾರೂಕಿ ಅವರ ತಂಡದ ಮುಂದೆ ಇಬ್ಬರು ಮಕ್ಕಳು ಬಂದರು, ಪಾಕಿಸ್ತಾನ ಮೂಲದ ಒಂದೇ ಬಳಗದವರು. ಎಂಟು ವರ್ಷದ ಹುಡುಗಿ 86 ಕಿಲೋ, ಎರಡು ವರ್ಷದ ಹುಡುಗ 29 ಕಿಲೋ. ಇಬ್ಬರ ರಕ್ತದಲ್ಲೂ ಲೆಪ್ಟಿನ್ ಇಲ್ಲವೆನ್ನುವಷ್ಟು ಕಡಿಮೆ. ಹುಡುಗಿಗೆ ದಿನಕ್ಕೊಂದು ಲೆಪ್ಟಿನ್ ಚುಚ್ಚುಮದ್ದು ಶುರುವಾಯಿತು. ಊಟ ಕೆಲವೇ ದಿನಗಳಲ್ಲಿ ತಾನಾಗಿ ಇಳಿಯಿತು, ವರ್ಷದಲ್ಲಿ 16 ಕಿಲೋ ಕರಗಿತು. ಆ ಮಗುವಿಗೆ ಯಾರೂ ಬುದ್ಧಿ ಹೇಳಿರಲಿಲ್ಲ. ಕಾಣೆಯಾಗಿದ್ದ ಒಂದು ಪ್ರೋಟೀನನ್ನು ಕೊಟ್ಟಿದ್ದರು, ಅಷ್ಟೇ.

ನನ್ನ ಸಿಟ್ಟಿಗೆ ಕಾರಣವೂ ಇದೇ. ಹೋದ ವರ್ಷ ಒಂದು ಮದುವೆಯ ಪಂಕ್ತಿಯಲ್ಲಿ ಕೂತಿದ್ದೆ. ಒಬ್ಬಟ್ಟು ಬಂತು. ಎದುರು ಸಾಲಿನ ಹದಿನಾರರ ಹುಡುಗಿಯ ಎಲೆಗೆ ಬಡಿಸಲು ಬಗ್ಗಿದವನಿಗೆ ಪಕ್ಕದ ಹಿರಿಯರೊಬ್ಬರು ‘ಅವಳಿಗೆ ಬೇಡಪ್ಪ, ಇರೋದೇ ಸಾಕು’ ಅಂದರು. ಸುತ್ತಲಿದ್ದವರು ನಕ್ಕರು. ಅವಳ ಸಣಕಲು ತಮ್ಮನಿಗೆ ಎರಡು ಒಬ್ಬಟ್ಟು, ಮೇಲೆ ತುಪ್ಪ. ಹುಡುಗಿ ಅನ್ನ ಬರುವ ಮೊದಲೇ ಎಲೆ ಮಡಚಿದಳು. ನಮ್ಮ ಭಾಷೆಯಲ್ಲಿ ‘ಕೊಬ್ಬು’ ಅಂದರೆ ಸೊಕ್ಕು ಅಂತಲೂ ಅರ್ಥ. ಮೈಯ ಒಂದು ಅಂಗವನ್ನು ಗುಣದೋಷ ಮಾಡಿಟ್ಟಿದ್ದೇವೆ.

ಹಾಗಾದರೆ ದಪ್ಪಗಿರುವವರಿಗೆಲ್ಲ ಲೆಪ್ಟಿನ್ ಕೊಡಬಾರದೇಕೆ? ಕೊಟ್ಟು ನೋಡಿದರು. 1999ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ನಿರಾಸೆಗೊಳಿಸಿತು. ಕೇಂಬ್ರಿಜ್‌ನ ಆ ಮಕ್ಕಳಂಥವರು ತೀರಾ ಅಪರೂಪ. ಬಹುಪಾಲು ದಪ್ಪ ಮೈಯವರ ರಕ್ತದಲ್ಲಿ ಲೆಪ್ಟಿನ್ ಬೇಕಾದ್ದಕ್ಕಿಂತ ಹೆಚ್ಚೇ ಇರುತ್ತದೆ.

ಉತ್ತರ ಕರ್ನಾಟಕದ ಹಳೆಯ ಊರುಗಳಲ್ಲಿ ಜೋಳ ತುಂಬಿಡುತ್ತಿದ್ದ ಹಗೇವು ನೆನಪಿಸಿಕೊಳ್ಳಿ, ನೆಲದೊಳಗಿನ ಕಣಜ. ಅದರಲ್ಲಿ ಎಷ್ಟು ಕಾಳು ಉಳಿದಿದೆ ಎಂದು ಒಬ್ಬ ದಿನಾ ಗೌಡರಿಗೆ ಹೇಳಿಕಳಿಸುತ್ತಾನೆ ಅನ್ನಿ. ‘ಅರ್ಧಕ್ಕೆ ಇಳಿದಿದೆ’ ಎಂಬ ಸುದ್ದಿ ಬಂದ ದಿನ ಗೌಡರಿಗೆ ನಿದ್ದೆ ಬರುವುದಿಲ್ಲ. ‘ತುಂಬಿದೆ’ ಎಂದು ನೂರು ಸಲ ಹೇಳಿ ಕಳಿಸಿದರೂ ಅವರು ಮಗ್ಗುಲು ಬದಲಿಸಿ ಮಲಗುತ್ತಾರೆ. ಹಗೇವು ಬೇಡವೆನ್ನಿ, ಮನೆಯ ಮೇಲಿನ ನೀರಿನ ಟ್ಯಾಂಕನ್ನೇ ನೋಡಿ. ಖಾಲಿಯಾದರೆ ಮನೆಮಂದಿಯೆಲ್ಲ ಎದ್ದು ಓಡಾಡುತ್ತಾರೆ, ತುಂಬಿ ಹರಿಯುತ್ತಿದ್ದರೆ ಪಕ್ಕದ ಮನೆಯವರು ಕೂಗಿ ಹೇಳಬೇಕು. ಅಥವಾ ಜಾತ್ರೆಯ ಮೈಕು: ಇಡೀ ದಿನ ಕೂಗುತ್ತಿದ್ದರೆ ಸಂಜೆಯ ಹೊತ್ತಿಗೆ ಕಿವಿಗೆ ಬೀಳುವುದೇ ಇಲ್ಲ, ಫಕ್ಕನೆ ನಿಂತಾಗಲೇ ಎಲ್ಲರೂ ತಲೆಯೆತ್ತುವುದು. ಲೆಪ್ಟಿನ್ ಮುಖ್ಯವಾಗಿ ಬರಗಾಲದ ಗಂಟೆ. ಅದು ಏರಿದಾಗ ಮಿದುಳು ಹೆಚ್ಚು ಗಮನ ಕೊಡುವುದಿಲ್ಲ. ಇಳಿದಾಗ ಮಾತ್ರ ಬೆಚ್ಚಿಬೀಳುತ್ತದೆ.

ಆದ್ದರಿಂದಲೇ, ಪಥ್ಯ ಮಾಡಿ ಹತ್ತು ಕಿಲೋ ಇಳಿಸಿದವರ ಮಿದುಳಿಗೆ ಕೇಳಿಸುವುದು ಅಭಿನಂದನೆಯಲ್ಲ, ಬರದ ಸುದ್ದಿ. ಹಸಿವು ಏರುತ್ತದೆ, ಥೈರಾಯ್ಡ್ ತಗ್ಗುತ್ತದೆ, ಅದೇ ಕೆಲಸಕ್ಕೆ ಮೈ ಕಡಿಮೆ ಉರಿಸುತ್ತದೆ. ಮೆಲ್ಬರ್ನ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 50 ಜನರಿಗೆ ಹತ್ತು ವಾರ ಕಟ್ಟುನಿಟ್ಟಿನ ಪಥ್ಯ ಮಾಡಿಸಿದರು. ಒಂದು ವರ್ಷ ಕಳೆದರೂ ಅವರ ಲೆಪ್ಟಿನ್ ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ, ಗ್ರೆಲಿನ್ ಏರಿಯೇ ಇತ್ತು. ಗ್ರೆಲಿನ್ ಜಠರದಿಂದ ಹೊರಡುವ ಹಸಿವಿನ ಹಾರ್ಮೋನು, 1999ರಲ್ಲಿ ಜಪಾನಿನಲ್ಲಿ ಸಿಕ್ಕಿದ್ದು. ದಿನಾ ಒಂದು ಗಂಟೆಗೆ ಉಣ್ಣುವವರಿಗೆ ಒಂದಕ್ಕೆ ಸರಿಯಾಗಿ ಹೊಟ್ಟೆ ಚುರುಗುಟ್ಟುವುದರಲ್ಲಿ ಅದರ ಕೈವಾಡವಿದೆ. ಇಳಿಸಿದ ತೂಕ ಮತ್ತೆ ಬಂದವರನ್ನು ‘ಛಲ ಸಾಲದು’ ಅನ್ನುವವರು ವರ್ಷಗಟ್ಟಲೆ ಈ ಗಂಟೆಯ ಸದ್ದಿನಲ್ಲಿ ಬದುಕಿ ನೋಡಲಿ.

ಬಿಸಿನೀರಿಗೆ ನಿಂಬೆರಸ, ಜೇನುತುಪ್ಪ ಬೆರೆಸಿ ಕುಡಿದರೆ ಕೊಬ್ಬು ಕರಗುತ್ತದೆ ಎನ್ನುವವರಿಗೂ ಒಂದು ಮಾತು. ಕೊಬ್ಬನ್ನು ‘ಕರಗಿಸಲು’ ಅದೇನು ಹೆಪ್ಪುಗಟ್ಟಿದ ತುಪ್ಪವಲ್ಲ, ಮೈಯ ಬಿಸಿಗೆ ಕೋಶದೊಳಗೆ ಆಗಲೇ ದ್ರವವಾಗಿದೆ. ಹತ್ತು ಕಿಲೋ ಕೊಬ್ಬು ಪೂರ್ತಿ ಉರಿದರೆ ಅದರಲ್ಲಿ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೋಗುತ್ತದೆ, ಉಳಿದದ್ದು ನೀರಾಗಿ. ಮೂಗಿನಿಂದ ಹೋಗಬೇಕಾದದ್ದನ್ನು ಲೋಟದಲ್ಲಿ ತೊಳೆಯಲು ಆಗದು.

ಮತ್ತೆ ಹಗೇವಿಗೆ ಬರೋಣ. ಅದು ತುಂಬಿದ ಮೇಲೂ ಗಾಡಿಗಳು ಕಾಳು ತಂದು ಸುರಿಯುತ್ತಲೇ ಇದ್ದರೆ? ಮೂಟೆಗಳನ್ನು ಪಡಸಾಲೆಯಲ್ಲಿ ಪೇರಿಸುತ್ತೀರಿ, ಆಮೇಲೆ ಅಡುಗೆಮನೆ, ಕೊನೆಗೆ ಕೊಟ್ಟಿಗೆ. ಮೈಯಲ್ಲಿ ಪಡಸಾಲೆ ಅಂದರೆ ಲಿವರ್, ಅಡುಗೆಮನೆ ಅಂದರೆ ಸ್ನಾಯು, ಕೊಟ್ಟಿಗೆ ಅಂದರೆ ಮೇದೋಜೀರಕ ಗ್ರಂಥಿ. ಕೊಬ್ಬು ತುಂಬಿದ ಲಿವರಿಗೆ, ಮೇದೋಜೀರಕ ಕಳಿಸುವ ಇನ್ಸುಲಿನ್ ಹಾರ್ಮೋನಿನ ಮಾತು ನಾಟುವುದಿಲ್ಲ. ‘ಸಕ್ಕರೆ ತಯಾರಿಸಬೇಡ’ ಅಂದರೂ ತಯಾರಿಸುತ್ತಲೇ ಇರುತ್ತದೆ. ಮೇದೋಜೀರಕ ಇನ್ನೂ ಜೋರಾಗಿ ಕೂಗುತ್ತದೆ, ಕೂಗಿ ಕೂಗಿ ದಣಿಯುತ್ತದೆ. ಸಕ್ಕರೆ ಕಾಯಿಲೆ ಹೊಕ್ಕುವುದು ಆಗ.

ಇದಕ್ಕೆ ಸಾಕ್ಷಿ ಲಿಪೊಡಿಸ್ಟ್ರೊಫಿ ಎಂಬ ಅಪರೂಪದ ಕಾಯಿಲೆ. ಇದರ ಒಂದು ಬಗೆಯಲ್ಲಿ ಹುಟ್ಟಿನಿಂದಲೇ ಚರ್ಮದಡಿ ಕೊಬ್ಬಿರುವುದಿಲ್ಲ, ನರಗಳು ಎದ್ದು ಕಾಣುತ್ತವೆ. ಹಗೇವೇ ಇಲ್ಲದ ಮನೆ! ಬಂದದ್ದೆಲ್ಲ ನೇರ ಪಡಸಾಲೆಗೆ. ಮೈಯಲ್ಲಿ ಕೊಬ್ಬೇ ಇಲ್ಲದ ಇವರಿಗೆ ಲಿವರ್ ತುಂಬ ಕೊಬ್ಬು, ತೀವ್ರ ಸಕ್ಕರೆ ಕಾಯಿಲೆ. ಲೆಪ್ಟಿನ್ ಮದ್ದು ನಿಜವಾಗಿ ಕೈಹಿಡಿದಿದ್ದು ಇವರನ್ನು. 2014ರಲ್ಲಿ ಅಮೆರಿಕ ಇವರಿಗೆಂದೇ ಅದಕ್ಕೆ ಒಪ್ಪಿಗೆ ಕೊಟ್ಟಿತು.

ಹಾಗಾಗಿ ನಾನು ತೂಕದ ಯಂತ್ರವನ್ನು ಅಷ್ಟಾಗಿ ನಂಬುವುದಿಲ್ಲ. ಹಗೇವು ಎಷ್ಟು ದೊಡ್ಡದು, ಉಕ್ಕಿದ್ದು ಎಲ್ಲಿಗೆ ಹೋಗಿದೆ ಎಂಬುದು ಅದರಲ್ಲಿ ಕಾಣದು. 2004ರಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ತಮ್ಮದೂ ಲಂಡನ್ನಿನ ಗೆಳೆಯ ಜಾನ್ ಯುಡ್ಕಿನ್ ಅವರದೂ ಒಂದು ಫೋಟೊ ಪ್ರಕಟಿಸಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2. ಭಾರತೀಯರಿಗೆ ಬಿಎಂಐ 25 ಅಲ್ಲ, 23ಕ್ಕೇ ಎಚ್ಚರಿಕೆ ಎನ್ನುವುದು, ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು ಎನ್ನುವುದು ಇದಕ್ಕೇ. ಒಬ್ಬಟ್ಟು ಯಾರಿಗೆ ಅಪಾಯ ಎಂದು ಪಂಕ್ತಿಯಲ್ಲಿ ಕಣ್ಣಳತೆಯಲ್ಲಿ ತೀರ್ಮಾನಿಸಲು ಬರುವುದಿಲ್ಲ. ಆ ಸಣಕಲು ತಮ್ಮನ ಲಿವರನ್ನು ಯಾರೂ ನೋಡಿಲ್ಲ.

ತೆಳ್ಳಗಿದ್ದೂ ಮೈಯಲ್ಲಿ ಕೊಬ್ಬು ಹೆಚ್ಚಿರುವ ಈ ಬಗೆ ಹುಟ್ಟಿಗಿಂತ ಮೊದಲೇ ಶುರುವಾಗುತ್ತದೆ ಎಂದು ತೋರಿಸಿದ ಊರುಗಳಲ್ಲಿ ನಮ್ಮ ಮೈಸೂರೂ ಒಂದು. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ ಬರೆದಿಟ್ಟಿದ್ದರು. ಆ ಕಡತಗಳ ಜಾಡು ಹಿಡಿದು ಬಂದ ಸಂಶೋಧಕರು 1997ರಿಂದ ಹೊಸ ಬಸುರಿಯರನ್ನೂ ಅವರ ಮಕ್ಕಳನ್ನೂ ಅಳೆಯತೊಡಗಿದರು. ಹಸುಗೂಸಿನ ಬೆನ್ನಿನ ಮೇಲೆ, ಹೆಗಲ ಮೂಳೆಯ ಕೆಳಗೆ, ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಚಿಮ್ಮಟದಂಥ ಅಳತೆಗೋಲಿನಲ್ಲಿ ಹಿಡಿಯುತ್ತಾರೆ. ಇಂಗ್ಲೆಂಡಿನ ಕೂಸುಗಳ ಮುಂದೆ ಮೈಸೂರಿನ ಕೂಸುಗಳ ತೂಕ ಕಡಿಮೆ, ತೋಳು ತೀರಾ ಸಣ್ಣ. ಬೆನ್ನಿನ ಆ ಮಡಿಕೆಯಲ್ಲಿ ಮಾತ್ರ ಹೆಚ್ಚುಕಡಿಮೆ ಅಷ್ಟೇ ಕೊಬ್ಬು. ನಾಲ್ಕು ವರ್ಷ ತುಂಬುವ ಹೊತ್ತಿಗೆ, ಉಳಿದೆಲ್ಲ ಅಳತೆಗಳಲ್ಲೂ ಹಿಂದೆಯೇ ಇದ್ದ ಅದೇ ಮಕ್ಕಳು ಇದೊಂದರಲ್ಲಿ ಇಂಗ್ಲೆಂಡಿನವರನ್ನು ದಾಟಿದ್ದರು.