ಡ್ರ್ಯಾಗನ್ ಪುಸ್ತಕದಲ್ಲಿ ಎತ್ತು ಯಾಕಿಲ್ಲ?

ಭಾನುವಾರ ಮಧ್ಯಾಹ್ನ. ಕಲಬುರಗಿಯ ಬಿಸಿಲು, ಕರೆಂಟ್ ಹೋಗಿ ಅರ್ಧ ತಾಸಾಗಿತ್ತು. ನಾವು ಐದು ಜನ ಫರಸಿ ನೆಲದ ಮೇಲೆ ಚಾಪೆ ಹಾಕಿಕೊಂಡು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಕಥೆಯಾಟ ಆಡುತ್ತಿದ್ದೆವು. ಕಥೆಯಲ್ಲಿ ನಮ್ಮ ಬಂಡಿ ಕಾಡುದಾರಿ ಹಿಡಿದಿತ್ತು. ತೋಳಗಳು ಬಂದವು. ಒಂದು ತೋಳ ನಮ್ಮನ್ನೆಲ್ಲ ಬಿಟ್ಟು ಎತ್ತಿನ ಮೇಲೆ ಹಾರಿತು.

ಆಟ ನಡೆಸುವವನು ನಾನು. ಆಟದ ಪುಸ್ತಕದಲ್ಲಿ ಎತ್ತಿನ ಅಂಕಿ ಹುಡುಕಿದೆ. ಆನೆ ಸಿಕ್ಕಿತು, ಒಂಟೆ ಸಿಕ್ಕಿತು, ಹೇಸರಗತ್ತೆ ಸಿಕ್ಕಿತು. ಎತ್ತು ಸಿಗಲಿಲ್ಲ. ಬಂಡಿ ಎಳೆಯುವ ಕುದುರೆಯ ಲೆಕ್ಕವನ್ನೇ ಹಿಡಿಯೋಣ ಅಂದೆ. ಅದಕ್ಕೆ 19 ಹಿಟ್ ಪಾಯಿಂಟ್, ಅಂದರೆ ಅಷ್ಟು ಪೆಟ್ಟು ತಿನ್ನುವ ಜೀವ. ತೋಳ ಒಮ್ಮೆ ಕಚ್ಚಿದರೆ ಸರಾಸರಿ 7 ಹೋಗುತ್ತದೆ. ಮೂರು ಸಲ ಕಚ್ಚಿತು, ಎತ್ತು ಸತ್ತಿತು.

“ಏ, ಹಂಗ ಆಗಂಗಿಲ್ಲ ಬಿಡಪಾ,” ಅಂದ ಆಳಂದದ ಕಡೆಯ ಒಕ್ಕಲುತನದ ಮನೆಯ ಗೆಳೆಯ. “ನಮ್ಮ ಹೊಲದಾಗಿನ ಎತ್ತ ನೋಡಿಯೇನ್ ನೀ? ತೋಳ ಹತ್ರ ಬಂದ್ರ ಕೊಂಬಿಲೆ ಎತ್ತಿ ಒಗೀತದ.”

ಜಗಳ ಅರ್ಧ ತಾಸು ನಡೆಯಿತು. ಹಿಂದಿನ ವಾರ ಡ್ರ್ಯಾಗನ್ ಬಂದಾಗ ಯಾರೂ ಹೀಗೆ ತಕರಾರು ತೆಗೆದಿರಲಿಲ್ಲ. ಡ್ರ್ಯಾಗನ್ ಬಗ್ಗೆ ಪುಸ್ತಕ ಹೇಳಿದ್ದೇ ಸತ್ಯ, ನೋಡಿದವರು ಯಾರು? ಎತ್ತನ್ನು ಎಲ್ಲರೂ ನೋಡಿದ್ದಾರೆ. ಅಂದು ರಾತ್ರಿಯಿಂದ ನಾನು ಹಳೆಯ ಪುಸ್ತಕಗಳಲ್ಲಿ ಎತ್ತನ್ನು ಹುಡುಕತೊಡಗಿದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಅದರೊಳಗಿನ ಪಾತ್ರಗಳಾಗುತ್ತಾರೆ. ಗೆದ್ದೆವೋ ಸೋತೆವೋ ಅಂತ ಡೈಸ್ ಹೇಳುತ್ತದೆ. ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ 1974ರಲ್ಲಿ ಅಮೆರಿಕದಲ್ಲಿ ಇದನ್ನು ಹೊರತಂದರು. ಎದುರಿಗೆ ಬರುವ ಜೀವಿಗಳಿಗಾಗಿಯೇ 1977ರಲ್ಲಿ ಒಂದು ದಪ್ಪ ಪುಸ್ತಕ ಬಂತು, ‘ಮಾನ್‌ಸ್ಟರ್ ಮ್ಯಾನ್ಯುಯಲ್’.

ಆ ಪುಸ್ತಕದಲ್ಲಿ ಗೂಳಿ ಇತ್ತು! ಕಾಡುದನ ಇತ್ತು, ಬಫಲೋ ಇತ್ತು. ಎಲ್ಲವೂ ಅಕ್ಷರಮಾಲೆಯ ಸಾಲಿನಲ್ಲೇ ನಿಂತಿದ್ದವು. ಡ್ರ್ಯಾಗನ್‌ಗೂ ಒಂಟೆಗೂ ಒಂದೇ ಪಂಕ್ತಿ. ಮ್ಯಾಮತ್, ಟೈರನೋಸಾರಸ್, ಟ್ರೈಸೆರಾಟಾಪ್ಸ್, ಬ್ರಾಂಟೋಸಾರಸ್ ಕೂಡ ಅಲ್ಲೇ. ಊರು ಬಿಟ್ಟು ಹೊರಗೆ ಕಾಲಿಟ್ಟರೆ ಏನಾದರೂ ಎದುರಾಗಲೇಬೇಕು, ಪ್ರತಿ ಸಲ ಭೂತವೇ ಬಂದರೆ ಭೂತಕ್ಕೆ ಬೆಲೆ ಏನು ಉಳಿಯುತ್ತದೆ, ಅಲ್ವಾ?

ಅಳಿದುಹೋದ ಪ್ರಾಣಿಗಳು ಈ ಆಟಕ್ಕೆ ಇನ್ನೊಂದು ದಾರಿಯಿಂದಲೂ ಬಂದವು. ಅದು ಆಟಿಕೆ ಅಂಗಡಿಯ ದಾರಿ. ಗೈಗಾಕ್ಸ್ ತಮ್ಮ ಮೇಜಿನ ಮೇಲೆ ಇಡಲು ಅಗ್ಗದ ಪ್ಲಾಸ್ಟಿಕ್ ಬೊಂಬೆಗಳನ್ನು ಕೊಂಡಿದ್ದರು. ಹಾಂಗ್‌ಕಾಂಗ್ ಮಾಲು. ಪೊಟ್ಟಣದ ಮೇಲೆ ‘ಇತಿಹಾಸಪೂರ್ವ ಪ್ರಾಣಿಗಳು’ ಅಂತ ಬರೆದಿತ್ತಾದರೂ ಒಳಗಿನ ಕೆಲವು ಬೊಂಬೆಗಳು ಭೂಮಿಯ ಯಾವ ಪ್ರಾಣಿಗೂ ಹೋಲುತ್ತಿರಲಿಲ್ಲ. ಒಂದಕ್ಕೆ ಬಾಲದ ತುದಿಯಲ್ಲಿ ಫ್ಯಾನಿನ ರೆಕ್ಕೆಯಂಥದ್ದೇನೋ ಇತ್ತು. ಅದು ಕಬ್ಬಿಣ ತಿನ್ನುವ ರಸ್ಟ್ ಮಾನ್‌ಸ್ಟರ್ ಆಯಿತು. ಇನ್ನೊಂದು ಗೂಬೆಮುಖದ ಕರಡಿ, ಔಲ್‌ಬೇರ್ ಆಯಿತು. ಮತ್ತೊಂದು ನೆಲ ಸೀಳಿಕೊಂಡು ಬರುವ ‘ಬುಲೆಟ್’ ಎಂಬ ಮೃಗ ಆಯಿತು. ಅದನ್ನು ಟಿಮ್ ಕಾಸ್ಕ್ 1976ರಲ್ಲಿ ‘ದಿ ಡ್ರ್ಯಾಗನ್’ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಬರೆದರು. ಯಾವುದೋ ಕಾರ್ಖಾನೆಯ ಕೆಲಸಗಾರ ಡೈನೋಸಾರ್ ಹೀಗಿರಬಹುದು ಅಂತ ಅಚ್ಚು ಹಾಕಿದ್ದು, ಐವತ್ತು ವರ್ಷದ ಮೇಲೆ ಕಲಬುರಗಿಯ ಚಾಪೆಯ ಮೇಲೆ ನಮ್ಮ ಕತ್ತಿ ತಿನ್ನುತ್ತಿದೆ. ನನಗಂತೂ ಈ ಇಡೀ ಇತಿಹಾಸದಲ್ಲಿ ಇದೇ ಜಾಸ್ತಿ ಇಷ್ಟ. ನಮ್ಮ ಆಟದ ಬೊಂಬೆಗಳೂ ಹಾಗೆಯೇ ಬಂದವು. ಮಣ್ಣೆತ್ತಿನ ಅಮಾವಾಸ್ಯೆ ಆದ ವಾರ ಆಳಂದದ ಗೆಳೆಯ ಅವ್ವನನ್ನು ಕೇಳಿ ಒಂದು ಜೋಡಿ ಮಣ್ಣೆತ್ತು ತಂದಿದ್ದ. ಒಂದರ ಕೊಂಬು ಬಸ್ಸಿನಲ್ಲೇ ಮುರಿದಿತ್ತು.

ಕಾಣದ ಪ್ರಾಣಿಗೆ ಕೈಗೆ ಸಿಕ್ಕ ರೂಪ ಕೊಡುವುದು ಬಹಳ ಹಳೆಯ ಕಸುಬು. ಈ ಆಟದಲ್ಲಿ ಮ್ಯಾಂಟಿಕೋರ್ ಅಂತ ಒಂದಿದೆ. ಮನುಷ್ಯನ ಮುಖ, ಸಿಂಹದ ಮೈ, ಬಾಲದಿಂದ ಮುಳ್ಳು ಎಸೆಯುತ್ತದೆ. ಅದರ ಮೂಲ ನಮ್ಮ ದೇಶವೇ. ಕ್ರಿಸ್ತಪೂರ್ವ 5ನೇ ಶತಮಾನದಲ್ಲಿ ಪರ್ಷಿಯಾದ ಆಸ್ಥಾನಕ್ಕೆ ಸೇರಿದ ಕ್ಟೇಸಿಯಸ್ ಎಂಬ ಗ್ರೀಕ್ ವೈದ್ಯ ಭಾರತದ ಮೇಲೆ ಒಂದು ಪುಸ್ತಕ ಬರೆದ. ಅಲ್ಲಿ ಮೂರು ಸಾಲು ಹಲ್ಲಿನ, ಕೆಂಪು ಮೈಯ, ಮನುಷ್ಯರನ್ನು ತಿನ್ನುವ ಮೃಗವೊಂದು ಬರುತ್ತದೆ. ಹೆಸರೂ ಪರ್ಷಿಯನ್ನಿನ ‘ನರಭಕ್ಷಕ’ ಎಂಬ ಅರ್ಥದ ಮಾತಿನಿಂದ ಹುಟ್ಟಿದ್ದು. ಇದು ಹುಲಿಯೇ ಇರಬೇಕು ಅಂತ ಮುಂದೆ ಕ್ರಿಸ್ತಶಕ 2ನೇ ಶತಮಾನದಲ್ಲಿ ಪೌಸೇನಿಯಸ್ ಎಂಬ ಗ್ರೀಕ್ ಪ್ರವಾಸಿ ಬರೆದ. ಆದರೆ ಅಷ್ಟರಲ್ಲಿ ಹುಲಿ ಒಂದು ಕಡೆ, ಮ್ಯಾಂಟಿಕೋರ್ ಇನ್ನೊಂದು ಕಡೆ ಹೊರಟುಹೋಗಿದ್ದವು. ಈಗಿನ ಪುಸ್ತಕದಲ್ಲಿ ಎರಡೂ ಬೇರೆ ಬೇರೆ ಪುಟದಲ್ಲಿವೆ, ಮ್ಯಾಂಟಿಕೋರ್‌ಗೆ ಹುಲಿಗಿಂತ ಜೀವ ಜಾಸ್ತಿ. 1977ರ ಪುಸ್ತಕದಲ್ಲಿ ನಮ್ಮ ರಾಕ್ಷಸನೂ ಇದ್ದಾನೆ. ಹುಲಿಮುಖ ಹೊತ್ತು, ಪೈಪು ಸೇದುತ್ತಾ ಆರಾಮಾಗಿ ಕೂತಿದ್ದಾನೆ. ನೋಡಿದರೆ ನಮ್ಮಜ್ಜಿ ನಕ್ಕುಬಿಡುತ್ತಿದ್ದಳು.

ನಾವೇನೂ ಕಡಿಮೆಯಿಲ್ಲ. ಬೀದರ್ ಕೋಟೆಯ ಶರ್ಜಾ ದರ್ವಾಜದ ಮೇಲಿನ ಜೋಡಿ ಮೃಗಗಳನ್ನು ಹುಲಿ ಅನ್ನುವವರೂ ಇದ್ದಾರೆ, ಸಿಂಹ ಅನ್ನುವವರೂ ಇದ್ದಾರೆ. ಕರ್ನಾಟಕದ ಲಾಂಛನದಲ್ಲಿ ಎರಡು ತಲೆಯ ಗಂಡಭೇರುಂಡ, ಅದರ ಆಚೀಚೆ ಆನೆಯ ತಲೆ ಸಿಂಹದ ಮೈ.

ಇನ್ನು ತೋಳಕ್ಕೆ ಬರೋಣ, ನಮ್ಮ ಎತ್ತನ್ನು ಕೊಂದದ್ದು ಅದೇ ತಾನೇ. ಆಟದಲ್ಲಿ ಸಾಮಾನ್ಯ ತೋಳದ ಜೊತೆ ‘ಡೈರ್ ವುಲ್ಫ್’ ಅಂತ ಒಂದಿದೆ. ಸಾಮಾನ್ಯ ತೋಳಕ್ಕೆ 11 ಹಿಟ್ ಪಾಯಿಂಟ್, ಇದಕ್ಕೆ 37. ಕಟ್ಟುಕಥೆ ಅಂದುಕೊಂಡಿದ್ದೆ. ಅಲ್ಲ, ಅಮೆರಿಕದಲ್ಲಿ ನಿಜಕ್ಕೂ ಬದುಕಿ ಅಳಿದ ಪ್ರಾಣಿ ಅದು. 1858ರಲ್ಲಿ ಜೋಸೆಫ್ ಲೈಡಿ ಅದಕ್ಕೆ ‘ಭಯಂಕರ’ ಎಂಬ ಅರ್ಥದ ಲ್ಯಾಟಿನ್ ಹೆಸರಿಟ್ಟರು. ಹೆಸರಿನಷ್ಟು ಭಯಂಕರವೇನಲ್ಲ, ಈಗಿನ ದೊಡ್ಡ ತೋಳಕ್ಕಿಂತ ತುಸು ದಪ್ಪ ಅಷ್ಟೇ. ಆದರೆ ಆಟದವರಿಗೆ ಆ ‘ಡೈರ್’ ಎಂಬ ಮಾತು ಎಷ್ಟು ಹಿಡಿಸಿತೆಂದರೆ, 2000ದ ಮೂರನೇ ಆವೃತ್ತಿಯಲ್ಲಿ ಡೈರ್ ಇಲಿ, ಡೈರ್ ಬಾವಲಿ, ಡೈರ್ ಕರಡಿ ಎಲ್ಲ ಬಂದವು. ವಿಜ್ಞಾನಿ ಇಟ್ಟ ಹೆಸರು ಉಪ್ಪಿನಕಾಯಿಯ ಖಾರದಂತೆ ಎಲ್ಲದರ ಮೇಲೂ ಬಿತ್ತು. ಇತ್ತ 2021ರಲ್ಲಿ ವಂಶವಾಹಿ ಪರೀಕ್ಷೆ ಮಾಡಿದವರು ಆ ಮೂಲ ಪ್ರಾಣಿ ಈಗಿನ ತೋಳಕ್ಕೆ ಹತ್ತಿರದ ನೆಂಟನೇ ಅಲ್ಲ ಅಂದರು.

ಡೈನೋಸಾರ್‌ಗಳ ಕಥೆಯೂ ಹೀಗೇ. 1998ರಲ್ಲಿ ಅರ್ಜೆಂಟೀನಾದ ಒಂದು ಪ್ರಾಣಿಗೆ ಮೆಗಾರ‍್ಯಾಪ್ಟರ್ ಎಂದು ಹೆಸರಿಟ್ಟರು. ಸಿಕ್ಕಿದ್ದ ದೊಡ್ಡ ಉಗುರು ಕಾಲಿನದು, ಇದು ದೈತ್ಯ ರ‍್ಯಾಪ್ಟರ್ ಎಂಬ ಬೇಟೆಗಾರ ಡೈನೋಸಾರ್ ಅಂತ ಆಗಿನ ಊಹೆ. 2000ದ ಪುಸ್ತಕದಲ್ಲಿ ಮೆಗಾರ‍್ಯಾಪ್ಟರ್ ಬಂದೇಬಿಟ್ಟಿತು. ಆಮೇಲೆ ಇಡೀ ಮುಂಗಾಲು ಸಿಕ್ಕಾಗ ಉಗುರು ಕೈಯದು ಅಂತ ಗೊತ್ತಾಯಿತು, ಪ್ರಾಣಿಯ ಕುಲವೇ ಬೇರೆಯಾಯಿತು. ವಿಜ್ಞಾನ ತಿದ್ದಿಕೊಂಡಿತು. ಅಚ್ಚಾದ ಪುಟ ಹಾಗೇ ಉಳಿಯಿತು. 2014ರ ಪುಸ್ತಕದಲ್ಲೂ ಪ್ಲೀಸಿಯೋಸಾರಸ್, ಟೆರಾನೊಡಾನ್ ಎರಡನ್ನೂ ಡೈನೋಸಾರ್ ಅಂತಲೇ ಹಾಕಿದ್ದಾರೆ. ಎರಡೂ ಡೈನೋಸಾರ್ ಅಲ್ಲ. ಒಂದು ನೀರಿನದು, ಒಂದು ಗಾಳಿಯದು.

ನಮ್ಮ ಕಡೆಯ ಡೈನೋಸಾರ್ ಒಂದಾದರೂ ಇದೆಯಾ ಅಂತ ತಂಗಿ ಕೇಳಿದಳು. ಅವಳು ಶಾಲೆಯಿಂದ ಹೈದರಾಬಾದಿನ ಬಿರ್ಲಾ ವಿಜ್ಞಾನ ಮ್ಯೂಸಿಯಂಗೆ ಹೋಗಿ ಕೋಟಾಸಾರಸ್ ಅಸ್ಥಿಪಂಜರ ನೋಡಿ ಬಂದವಳು. ಗೋದಾವರಿ ಕಣಿವೆಯ ಯಾಮನ್‌ಪಲ್ಲಿ ಹತ್ತಿರ ಸಿಕ್ಕ ಪ್ರಾಣಿ ಅದು. 1988ರಲ್ಲಿ ಹೆಸರಿಟ್ಟ ವಿಜ್ಞಾನಿಯ ಹೆಸರು ಯಾದಗಿರಿ. ನಮ್ಮ ಪುಸ್ತಕದಲ್ಲಿ ಅದಿಲ್ಲ. 1975ರಲ್ಲಿ ಹೆಸರು ಪಡೆದ, ರವೀಂದ್ರನಾಥ ಟಾಗೋರರ ನೆನಪು ಹೊತ್ತ ಬಾರಾಪಾಸಾರಸ್ ಟಾಗೋರಿಯೂ ಇಲ್ಲ. ನಮ್ಮ ಉಪಖಂಡದಿಂದ 1977ರ ಪುಸ್ತಕಕ್ಕೆ ಹೋದದ್ದು ಬಲೂಚಿಥೀರಿಯಂ. ಬಲೂಚಿಸ್ತಾನದಲ್ಲಿ ಮೂಳೆ ಸಿಕ್ಕ, ಕೊಂಬಿಲ್ಲದ ದೈತ್ಯ ಖಡ್ಗಮೃಗ. ಅದೂ ಡೈನೋಸಾರ್ ಅಲ್ಲ.

ಕಲಬುರಗಿಯ ನೆಲದಲ್ಲೇ ಅಗೆದರೆ? ಸಿಗುವುದು ಕಷ್ಟ. ನಾವು ಕೂತಿದ್ದ ಫರಸಿ ಶಹಾಬಾದಿನ ಸುಣ್ಣಕಲ್ಲು. ಮೂಳೆಯ ಪ್ರಾಣಿಗಳು ಹುಟ್ಟುವ ಎಷ್ಟೋ ಮುಂಚೆ ಸಮುದ್ರದ ತಳದಲ್ಲಿ ಕೂತ ಕಲ್ಲದು. ಅದರ ಮೇಲೆ ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಹರಿದು ಕರಿಕಲ್ಲಾಯಿತು. ಡೈನೋಸಾರ್‌ಗಳ ಕಾಲ ಇವೆರಡರ ನಡುವೆ ಜಾರಿಹೋಗಿದೆ.

ಆದರೆ ದನದ ಇತಿಹಾಸ ಬೇಕಾದರೆ ಯಾದಗಿರಿ ಜಿಲ್ಲೆಗೆ ಹೋಗಬೇಕು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಹುಣಸಗಿ, ಬೈಚಬಾಳ ಕಣಿವೆಯಲ್ಲಿ ಹತ್ತಾರು ವರ್ಷ ಕೆಲಸ ಮಾಡಿದರು. ಇಸಾಂಪುರದಲ್ಲಿ ಆದಿಮಾನವರು ಕಲ್ಲಿನ ಆಯುಧ ಮಾಡಿದ ಜಾಗ ಸಿಕ್ಕಿತು. ಅಲ್ಲಿನ ಪ್ರಾಣಿಗಳ ಹಲ್ಲು ಪರೀಕ್ಷಿಸಿದಾಗ ಸುಮಾರು 12 ಲಕ್ಷ ವರ್ಷ ಹಳೆಯದು ಅಂತ ಬಂತು. ಸುರಪುರದ ಕಡೆಯ ಬೂದಿಹಾಳದಲ್ಲಿ ಬೂದಿದಿಬ್ಬ ಇದೆ. ನಾಲ್ಕು ಸಾವಿರ ವರ್ಷದ ಹಿಂದಿನ ದನಗಾಹಿಗಳು ದೊಡ್ಡಿಯ ಸಗಣಿ ಗುಡ್ಡೆ ಹಾಕಿ ಸುಟ್ಟದ್ದು. ದನ ಕಟ್ಟಿದ ಜಾಗ, ಕೊಯ್ದ ಜಾಗ ಎಲ್ಲ ಅಲ್ಲಿ ಸಿಕ್ಕಿವೆ.

ಹಾಗಾದರೆ ಪುಸ್ತಕದಿಂದ ದನ ಹೋದದ್ದು ಯಾಕೆ? ನನ್ನ ಅಂದಾಜು ಇಷ್ಟು. ಕಾಲ ಹೋದಂತೆ ಆಟದಲ್ಲಿ ಪ್ರಾಣಿಯ ಕೆಲಸ ಬದಲಾಯಿತು. ಎದುರಿಗೆ ಬರುವುದಕ್ಕಿಂತ ಆಟಗಾರನೇ ಪ್ರಾಣಿಯಾಗುವುದು ಜಾಸ್ತಿಯಾಯಿತು. ಡ್ರೂಯಿಡ್ ಎಂಬ ಪಾತ್ರ ಮೈ ಬದಲಿಸಿ ಮೃಗವಾಗುತ್ತದೆ. ಮಾಂತ್ರಿಕನಿಗೆ ಸಾಕುಬೆಕ್ಕು, ಬೇಟೆಗಾರನಿಗೆ ಜೊತೆಗಾರ ಪ್ರಾಣಿ ಬೇಕು. ಅದಕ್ಕೆ ಬೇಕಾದ ಪ್ರಾಣಿಗಳಷ್ಟೇ ಉಳಿದವು. 2014ರ ಪುಸ್ತಕದಲ್ಲಿ ಅವುಗಳಲ್ಲಿ ಹೆಚ್ಚಿನವು ಕೊನೆಯ ಅನುಬಂಧಕ್ಕೆ ಹೋದವು. 2023ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟ ನಿಯಮಗಳನ್ನೇ ನಾವು ಆಡುವುದು. ಅದರಲ್ಲಿ ಕಡಲ್ಗುದುರೆ ಕೂಡ ಇದೆ, ಎತ್ತು ಎಮ್ಮೆ ಇಲ್ಲ. ಎಮ್ಮೆಯಾಗಬೇಕು ಅಂತ ಯಾವ ಡ್ರೂಯಿಡ್‌ಗೂ ಅನ್ನಿಸಲಿಲ್ಲವೇನೋ.

ಅಂಕಿಗಳೂ ಸಣ್ಣ ಪ್ರಾಣಿಯ ಹತ್ತಿರ ಬಂದಾಗ ತಪ್ಪುತ್ತವೆ. 2000ದ ಆವೃತ್ತಿಯಲ್ಲಿ ಮನೆಬೆಕ್ಕೊಂದು ರೈತನನ್ನು ಕೊಂದುಹಾಕಬಹುದಿತ್ತು. ಸಾಮಾನ್ಯ ರೈತನಿಗೆ ಹೆಚ್ಚೆಂದರೆ 4 ಹಿಟ್ ಪಾಯಿಂಟ್, ಬೆಕ್ಕಿನ ಎರಡು ಪಂಜ ಮತ್ತೊಂದು ಕಡಿತ ಬಿದ್ದರೆ ಒಂದೇ ಸುತ್ತಿಗೆ 3 ಖಾಲಿ. ಆಡುವವರು ಇವತ್ತಿಗೂ ಅದನ್ನು ಹೇಳಿಕೊಂಡು ನಗುತ್ತಾರೆ.

ಡ್ರೂಯಿಡ್‌ಗೆ ಒಂದು ಒಳ್ಳೆಯ ನಿಯಮ ಇದೆ. ಹಿಂದೆ ನೋಡಿದ ಪ್ರಾಣಿಯಾಗಿ ಮಾತ್ರ ಅದು ಮೈ ಬದಲಿಸಬಹುದು. ನಮ್ಮ ಡ್ರೂಯಿಡ್ ಆಡುವವಳು ಚಿಂಚೋಳಿಯವಳು. ಮೊದಲ ದಿನವೇ ಕತ್ತೆಕಿರುಬ ಆಗುತ್ತೇನೆ ಅಂದಳು. ಪುಸ್ತಕದಲ್ಲಿ ಅದಕ್ಕೆ ಬರೀ 5 ಹಿಟ್ ಪಾಯಿಂಟ್, ಬೇಡ ಅಂದೆ. ಕೇಳಲಿಲ್ಲ.

ಕೊನೆಗೆ ಎತ್ತಿನ ಅಂಕಿಯನ್ನು ನಾವೇ ಬರೆದೆವು. ಆಳಂದದವನು ಹೇಳುತ್ತಾ ಹೋದ, ನಾನು ಪೆನ್ಸಿಲ್ಲಿನಲ್ಲಿ ಬರೆದುಕೊಂಡೆ. ದೇವಣಿ ಹೋರಿ, 30 ಹಿಟ್ ಪಾಯಿಂಟ್. ತಲೆ ತಗ್ಗಿಸಿ ನುಗ್ಗಿದರೆ ಎದುರಿನವನು ಬೀಳಬೇಕು. ಕಾರಹುಣ್ಣಿಮೆಯ ಕರಿ ಹರಿಯುವ ದಿನ ವೇಗ ಎರಡು ಪಟ್ಟು. ಮೂಗುದಾರ ಹಿಡಿದರೆ ಮಾತ್ರ ತಣ್ಣಗಾಗುತ್ತದೆ. ತೋಳಕ್ಕೆ ಕೈಯಿಲ್ಲ, ಹೆಂಗ ಹಿಡಿತದ ಅಂತ ಅವನು ಗೆದ್ದವನ ಹಾಗೆ ನೋಡಿದ. ನಾನು ಸುಮ್ಮನಿದ್ದೆ. ಬರುವ ಭಾನುವಾರ ಗಾಬ್ಲಿನ್ ಎಂಬ ಕುಳ್ಳ ದೆವ್ವಗಳು ಬರುತ್ತವೆ, ಅವಕ್ಕೆ ಕೈಯಿದೆ.