ಪಠ್ಯಪುಸ್ತಕದ ಲಾಲಿ ಯಾವ ಊರಿನವನು?

ಕರ್ನಾಟಕದಲ್ಲಿ ಶಾಲೆ ಕಲಿತವರಿಗೆ ‘ಕೌಂಟ್ ಡಿ ಲಾಲಿ’ ಅಪರಿಚಿತನಲ್ಲ. ಮೂರನೆಯ ಕರ್ನಾಟಿಕ್ ಯುದ್ಧ, 1760ರ ವಾಂಡಿವಾಷ್ ಕದನ, ಗೆದ್ದವನು ಐರ್ ಕೂಟ್, ಸೋತವನು ಲಾಲಿ. ಎರಡು ಅಂಕದ ಪ್ರಶ್ನೆಗೆ ಇಷ್ಟು ಸಾಕಾಗುತ್ತಿತ್ತು. ನಮ್ಮ ತರಗತಿಯಲ್ಲಿ ಮೇಷ್ಟ್ರು ಈ ಹೆಸರು ಹೇಳಿದಾಗಲೆಲ್ಲ ಹಿಂದಿನ ಬೆಂಚಿನವನೊಬ್ಬ ಸಣ್ಣ ದನಿಯಲ್ಲಿ ಜೋಗುಳ ಹಾಡುತ್ತಿದ್ದ. ‘ಲಾಲಿ ಫ್ರೆಂಚರ ಸೇನಾಪತಿ’ ಎಂದು ಬರೆದು ನಾವು ಅಂಕ ಪಡೆದೆವು. ಬರೆದದ್ದು ಸುಳ್ಳಲ್ಲ. ಆದರೆ ಲಾಲಿ ಎಂಬುದು ಫ್ರೆಂಚ್ ಹೆಸರಲ್ಲ. ಅದು ಐರ್ಲೆಂಡಿನ ಪಶ್ಚಿಮದ ಗಾಲ್ವೇ ಸೀಮೆಯ ಒಂದು ಮನೆತನದ ಹೆಸರು, ಅದೂ ಅರ್ಧಕ್ಕೆ ತುಂಡಾದದ್ದು.

ಇಡಿಯಾಗಿ ಹೇಳಿದರೆ ಅದು ಐರಿಷ್ ಭಾಷೆಯಲ್ಲಿ ‘ಓ ಮೀಲಲಿ’ ಎಂಬಂತೆ ಕೇಳಿಸುತ್ತದೆ. ‘ಓ’ ಎಂದರೆ ಮೊಮ್ಮಗ, ವಿಶಾಲವಾಗಿ ವಂಶದವನು. ‘ಮ್ಯಾಕ್’ ಎಂದರೆ ಮಗ. ‘ಮೀಲ್’ ಎಂಬ ತುಣುಕಿನ ಮೂಲಾರ್ಥ ಬೋಳು. ಸನ್ಯಾಸಿಗಳು ತಲೆ ಬೋಳಿಸಿಕೊಳ್ಳುತ್ತಿದ್ದರಿಂದ ಅದಕ್ಕೆ ಭಕ್ತ, ಸೇವಕ ಎಂಬ ಅರ್ಥವೂ ಬಂತು. ನಮ್ಮಲ್ಲಿ ಹೆಸರಿನ ಕೊನೆಗೆ ‘ದಾಸ’ ಬಂದರೆ ಅವರಲ್ಲಿ ಮೊದಲಿಗೇ ‘ಮೀಲ್’ ಬರುತ್ತದೆ.

ವಂಶಪಾರಂಪರ್ಯವಾಗಿ ಬರುವ ಮನೆತನದ ಹೆಸರುಗಳು ಯುರೋಪಿನಲ್ಲಿ ಬಹಳ ಬೇಗ ನೆಲೆಯೂರಿದ ನಾಡುಗಳಲ್ಲಿ ಐರ್ಲೆಂಡ್ ಒಂದು. ಅಲ್ಲಿನ ವಾರ್ಷಿಕ ವೃತ್ತಾಂತಗಳಲ್ಲಿ 916ರಲ್ಲೇ ‘ಓ ಕ್ಲೇರಿ’ ವಂಶದ ಒಬ್ಬ ಒಡೆಯನ ಮರಣ ದಾಖಲಾಗಿದೆ. ಅವನ ಸೀಮೆಯೂ ಇಂದಿನ ಗಾಲ್ವೇಯಲ್ಲೇ ಇತ್ತು. ಓ ಮೀಲಲಿಗಳು ಇದ್ದದ್ದು ಅದೇ ಜಿಲ್ಲೆಯ ಲಾಕ್ರೇ ಪಟ್ಟಣದ ಸುತ್ತಲಿನ ಬಯಲಿನಲ್ಲಿ. ಹದಿನಾಲ್ಕನೆಯ ಶತಮಾನದ ಒಂದು ಸ್ಥಳವರ್ಣನೆಯ ಕಾವ್ಯ ಈ ಬಯಲಿಗೆ ಇಬ್ಬರು ಅರಸರನ್ನು ಹೆಸರಿಸುತ್ತದೆ. ಒಬ್ಬ ಓ ನಾಕ್ಟನ್, ಇನ್ನೊಬ್ಬ ಓ ಮೀಲಲಿ. ಅರಸರು ಎಂದಕೂಡಲೇ ಕಿರೀಟ ಸಿಂಹಾಸನ ಕಲ್ಪಿಸಿಕೊಳ್ಳಬೇಕಿಲ್ಲ. ನಮ್ಮ ಪಾಳೆಯಗಾರರನ್ನು ನೆನೆದರೆ ಸಾಕು.

ಕಾವ್ಯ ಹುಟ್ಟುವ ಹೊತ್ತಿಗೆ ಆ ಅರಸೊತ್ತಿಗೆ ಬರೀ ನೆನಪಾಗಿತ್ತು. ನಾರ್ಮನ್ ಮೂಲದ ಡಿ ಬರ್ಗ್ ಮನೆತನ 1235ರಲ್ಲಿ ಕನಾಕ್ಟ್ ಪ್ರಾಂತ್ಯವನ್ನು ಗೆದ್ದು, ಮರುವರ್ಷವೇ ಲಾಕ್ರೇಯಲ್ಲಿ ಕೋಟೆ ಕಟ್ಟಿತು. ಓ ಮೀಲಲಿಗಳು ಅಲ್ಲಿಂದ ಕಾಲ್ತೆಗೆದು ಸುಮಾರು 40 ಕಿಲೋಮೀಟರ್ ವಾಯವ್ಯಕ್ಕೆ, ಟ್ಯೂಮ್ ಪಟ್ಟಣದ ಬಳಿಯ ಟುಲ್ಲಿನಡಾಲಿ ಎಂಬಲ್ಲಿ ನೆಲೆಸಿದರು. ‘ಟುಲಾಕ್’ ಎಂದರೆ ದಿಬ್ಬ, ‘ಡಾಲ’ ಎಂದರೆ ಸಭೆಯ. ಇಂದಿನ ಐರಿಷ್ ಸಂಸತ್ತಿನ ಕೆಳಮನೆಗೆ ‘ಡಾಯ್ಲ್’ ಎನ್ನುತ್ತಾರಲ್ಲ, ಅದೂ ಇದೇ ಪದ. ಈ ಸಭೆಯ ದಿಬ್ಬದ ಹೆಸರನ್ನು ನೆನಪಿಡಿ, ಮುಂದೆ ಫ್ರಾನ್ಸಿನಲ್ಲಿ ಮತ್ತೆ ಎದುರಾಗುತ್ತದೆ.

ಹೆಸರು ಸವೆದದ್ದು ಇಂಗ್ಲಿಷರ ಆಳ್ವಿಕೆಯಲ್ಲಿ. 1465ರ ಒಂದು ಕಾಯ್ದೆ ಡಬ್ಲಿನ್ ಸುತ್ತಲಿನ ನಾಲ್ಕು ಜಿಲ್ಲೆಗಳ ಐರಿಷರು ಇಂಗ್ಲಿಷ್ ಹೆಸರನ್ನೇ ಇಟ್ಟುಕೊಳ್ಳಬೇಕೆಂದು ಆಜ್ಞಾಪಿಸಿತು. ಊರಿನ ಹೆಸರು, ಬಣ್ಣದ ಹೆಸರು, ಕಸುಬಿನ ಹೆಸರು, ಯಾವುದಾದರೂ ಆದೀತು. ಕಪ್ಪು, ಬಿಳಿ, ಕಂದು, ಕಮ್ಮಾರ, ಬಡಗಿ, ಅಡುಗೆಯವ ಎಂದು ಕಾಯ್ದೆಯಲ್ಲೇ ಮಾದರಿಗಳನ್ನು ಕೊಟ್ಟಿದ್ದರು! ದೂರದ ಗಾಲ್ವೇಗೆ ಈ ಕಾಯ್ದೆ ತಟ್ಟಲಿಲ್ಲ. ಅಲ್ಲಿ ಕೆಲಸ ಮಾಡಿದ್ದು ಗುಮಾಸ್ತರ ಲೇಖನಿ. ಕಿವಿಗೆ ಬಿದ್ದದ್ದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾ ಹೋದಂತೆ ಓ ಮೀಲಲಿ ಎಂಬುದು ‘ಓ ಮುಲ್ಲಾಲಿ’ ಆಯಿತು, ‘ಓ’ ಉದುರಿ ‘ಮುಲ್ಲಾಲಿ’ ಆಯಿತು, ‘ಮುಲ್’ ಕೂಡ ಉದುರಿ ‘ಲಾಲಿ’ ಉಳಿಯಿತು. 1573ರಿಂದ 1595ರವರೆಗೆ ಟ್ಯೂಮ್‌ನ ಪ್ರಾಟೆಸ್ಟೆಂಟ್ ಆರ್ಚ್‌ಬಿಷಪ್ ಆಗಿದ್ದ ವಿಲಿಯಂನ ಹೆಸರು ಒಂದು ಕಡೆ ಮುಲ್ಲಾಲಿ, ಇನ್ನೊಂದು ಕಡೆ ಲಾಲಿ. ಮನುಷ್ಯ ಒಬ್ಬನೇ.

ನೂರು ವರ್ಷ ಕಳೆಯುವಷ್ಟರಲ್ಲಿ ನೆಲವೂ ಹೋಯಿತು. ಇಂಗ್ಲೆಂಡಿನ ಪಟ್ಟ ಕಳೆದುಕೊಂಡಿದ್ದ ಕ್ಯಾಥೊಲಿಕ್ ದೊರೆ ಎರಡನೆಯ ಜೇಮ್ಸ್ 1689ರಲ್ಲಿ ಡಬ್ಲಿನ್‌ನಲ್ಲಿ ಕರೆದ ಪಾರ್ಲಿಮೆಂಟಿಗೆ ಟ್ಯೂಮ್‌ನಿಂದ ಹೋದವನು ಟುಲ್ಲಿನಡಾಲಿಯ ಜೇಮ್ಸ್ ಲಾಲಿ. ದೊರೆ ಸೋತ. 1691ರ ಅಕ್ಟೋಬರ್ 3ರಂದು ಲಿಮರಿಕ್‌ನಲ್ಲಿ ಒಪ್ಪಂದವಾಯಿತು. ಬಯಸಿದ ಸೈನಿಕರು ಫ್ರಾನ್ಸಿಗೆ ಹೋಗಬಹುದೆಂಬುದು ಅದರ ಒಂದು ಷರತ್ತು. ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಹಡಗು ಹತ್ತಿದರು. ಹೀಗೆ ಪರದೇಶದ ಸೈನ್ಯ ಸೇರಿದವರನ್ನು ಐರಿಷರು ‘ಕಾಡು ಹೆಬ್ಬಾತುಗಳು’ ಎನ್ನುತ್ತಾರೆ. ಹೆಬ್ಬಾತು ವಲಸೆ ಹೋದರೆ ಋತು ತಿರುಗಿದಾಗ ಮರಳುತ್ತದೆ. ಇವರಲ್ಲಿ ಹೆಚ್ಚಿನವರು ಮರಳಲಿಲ್ಲ.

ಆ ಕಾಲದಲ್ಲಿ ಫ್ರಾನ್ಸ್ ಸೇರಿದ ಜೆರಾರ್ಡ್ ಲಾಲಿ ಡಿಲನ್ ರೆಜಿಮೆಂಟಿನಲ್ಲಿ ಅಧಿಕಾರಿಯಾದ, ಫ್ರೆಂಚ್ ಹೆಣ್ಣನ್ನು ಮದುವೆಯಾದ. 1702ರಲ್ಲಿ ಆಗ್ನೇಯ ಫ್ರಾನ್ಸಿನ ರೋಮಾನ್ ಪಟ್ಟಣದಲ್ಲಿ ಹುಟ್ಟಿದ ಮಗನೇ ನಮ್ಮ ಪಠ್ಯಪುಸ್ತಕದ ಥಾಮಸ್ ಆರ್ಥರ್ ಲಾಲಿ. ಫ್ರಾನ್ಸಿನಲ್ಲಿ ಗೌರವಸ್ಥನೆನಿಸಿಕೊಳ್ಳಲು ಹೆಸರಿನ ಮುಂದೆ ಜಮೀನಿನ ಹೆಸರು ಬೇಕು. ಲಾಲಿಗಳಿಗೆ ಜಮೀನೆಲ್ಲಿತ್ತು? ಕಳೆದುಕೊಂಡ ಟುಲ್ಲಿನಡಾಲಿಯನ್ನೇ ಫ್ರೆಂಚ್ ನಾಲಗೆಗೆ ಒಗ್ಗಿಸಿ ‘ಟೊಲೆಂಡಾಲ್’ ಮಾಡಿಕೊಂಡರು. ನಮ್ಮವರು ಬಿಟ್ಟು ಬಂದ ಊರನ್ನು ಇನಿಷಿಯಲ್‌ನಲ್ಲಿ ಹೊತ್ತು ತಿರುಗುವ ಹಾಗೆಯೇ, ‘ಲಾಲಿ-ಟೊಲೆಂಡಾಲ್’. ದಿಬ್ಬದ ಮೇಲಿನ ಒಂದು ಅಡಿ ಮಣ್ಣೂ ತಮ್ಮದಲ್ಲದ ಕಾಲದಲ್ಲಿ ಇಟ್ಟುಕೊಂಡ ಬಿರುದು ಇದು.

ಬಾಲ್ಯದಲ್ಲೇ ಸೈನ್ಯದ ರುಚಿ ಕಂಡ ಥಾಮಸ್ ಹೆಸರಿನಲ್ಲಿ 1744ರಲ್ಲಿ ಒಂದು ಐರಿಷ್ ರೆಜಿಮೆಂಟ್ ಎದ್ದಿತು. ಮರುವರ್ಷ ಫಾಂಟನಾಯ್ ಕದನದಲ್ಲಿ ಐರಿಷ್ ಪಡೆ ಇಂಗ್ಲಿಷರನ್ನು ಹಿಮ್ಮೆಟ್ಟಿಸಲು ನೆರವಾಯಿತು, ಲಾಲಿಗೆ ಬಡ್ತಿ ಸಿಕ್ಕಿತು. 1758ರ ಏಪ್ರಿಲ್‌ನಲ್ಲಿ ಅವನು ಪುದುಚೇರಿಯಲ್ಲಿ ಇಳಿದ. ಧೈರ್ಯಕ್ಕೆ ಕೊರತೆಯಿರಲಿಲ್ಲ. ಕೊರತೆ ಇದ್ದದ್ದು ತಾಳ್ಮೆಗೆ, ಹಣಕ್ಕೆ ಮತ್ತು ಸ್ಥಳೀಯರ ಬಗೆಗಿನ ತಿಳಿವಳಿಕೆಗೆ. ಜಾತಿ ಮತ ನೋಡದೆ ಊರವರನ್ನು ಹಿಡಿದು ಬಂಡಿ ಎಳೆಸಿದ, ತನ್ನವರೇ ಆದ ಪುದುಚೇರಿಯ ಅಧಿಕಾರಿಗಳನ್ನೆಲ್ಲ ಕಳ್ಳರೆಂದು ಬೈದು ಎದುರು ಹಾಕಿಕೊಂಡ. ಮದರಾಸಿನ ಮುತ್ತಿಗೆ ವಿಫಲವಾಯಿತು.

1760ರ ಜನವರಿ 22ರಂದು ವಂದವಾಸಿಯ (ಪಠ್ಯಪುಸ್ತಕದ ವಾಂಡಿವಾಷ್) ಬಯಲಿನಲ್ಲಿ ಅವನ ಎದುರು ನಿಂತ ಐರ್ ಕೂಟ್ ಕೂಡ ಐರ್ಲೆಂಡಿನವನೇ, ಲಿಮರಿಕ್ ಜಿಲ್ಲೆಯವನು. ಇಂಗ್ಲೆಂಡಿನಿಂದ ಬಂದು ಅಲ್ಲಿ ನೆಲ ಪಡೆದ ಪ್ರಾಟೆಸ್ಟೆಂಟ್ ಮನೆತನ ಅವನದು. ನೆಲ ಪಡೆದವರ ಕುಲದವನೊಬ್ಬ, ನೆಲ ಕಳೆದುಕೊಂಡವರ ಕುಲದವನೊಬ್ಬ, ಕಾದಾಡಿದ್ದು ತಮಿಳುನಾಡಿನಲ್ಲಿ. ಇನ್ನೊಂದು ವಿಚಿತ್ರವೆಂದರೆ ಫ್ರಾನ್ಸಿನ ಐರಿಷ್ ಪಡೆಗಳ ಸಮವಸ್ತ್ರವೂ ಇಂಗ್ಲಿಷರಂತೆ ಕೆಂಪು ಕೋಟೇ.

ಸೋತ ಲಾಲಿ ಆಗಿನ್ನೂ ಅಧಿಕಾರದ ಮೆಟ್ಟಿಲೇರುತ್ತಿದ್ದ ಹೈದರಾಲಿಯ ಜೊತೆ ಅದೇ ವರ್ಷ ಒಪ್ಪಂದ ಮಾಡಿಕೊಂಡ. ಹೈದರನ ಭಾವಮೈದುನ ಮಖ್ದೂಮ್ ಅಲಿ ಪಡೆಯೊಂದಿಗೆ ಪುದುಚೇರಿಯತ್ತ ಹೊರಟ. ಅಷ್ಟರಲ್ಲಿ ಶ್ರೀರಂಗಪಟ್ಟಣದಲ್ಲಿ ಹೈದರನ ಕೈಕೆಳಗೇ ಬೆಳೆದಿದ್ದ ಖಂಡೇರಾವ್ ತಿರುಗಿಬಿದ್ದ, ಹೈದರನಿಗೆ ತನ್ನ ತಲೆ ಉಳಿಸಿಕೊಳ್ಳುವುದೇ ದೊಡ್ಡದಾಯಿತು. ಬಂದ ನೆರವು ಹಿಂದಿರುಗಿತು. 1761ರ ಜನವರಿಯಲ್ಲಿ ಹಸಿವಿನಿಂದ ಬಳಲಿದ್ದ ಪುದುಚೇರಿ ಶರಣಾಯಿತು.

ಫ್ರಾನ್ಸಿಗೆ ಈ ಸೋಲಿಗೊಬ್ಬ ಹೊಣೆಗಾರ ಬೇಕಿತ್ತು. ಕೈದಿಯಾಗಿ ಲಂಡನ್ ಸೇರಿದ್ದ ಲಾಲಿ ಆಪಾದನೆಗಳಿಗೆ ಉತ್ತರ ಕೊಡುತ್ತೇನೆಂದು ತಾನಾಗಿಯೇ ಪ್ಯಾರಿಸ್‌ಗೆ ಹೋದ, ಬಾಸ್ಟೀಲ್ ಸೆರೆಮನೆ ಸೇರಿದ. 1766ರ ಮೇ 9ರಂದು, ಮಾತಾಡದಂತೆ ಬಾಯಿ ಕಟ್ಟಿ, ಕಸದ ಬಂಡಿಯಲ್ಲಿ ಕೂರಿಸಿ ಕರೆದೊಯ್ದು ಅವನ ತಲೆ ಕಡಿದರು.

ಹೆಸರಿನ ಮಾತಿಗೆ ಬಂದರೆ ಈ ಇಡೀ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆ ದಿನವೇ. ಲಾಲಿಗೆ ಟ್ರೊಫೀಮ್ ಎಂಬ ಹದಿನೈದು ವರ್ಷದ ಮಗನಿದ್ದ. ತಾನು ಯಾರ ಮಗನೆಂದು ತಿಳಿಯದೆ ಬೆಳೆದಿದ್ದ. ತಂದೆಯ ಹೆಸರು ಅವನಿಗೆ ತಿಳಿದದ್ದು ತಂದೆಯ ತಲೆ ಉರುಳಿದ ದಿನ. ಮುಂದೆ ಹಲವು ವರ್ಷ ಆ ಹೆಸರಿನ ಕಳಂಕ ತೊಳೆಯಲು ನ್ಯಾಯಾಲಯಗಳಿಗೆ ಅಲೆದ. ಬೆಂಬಲಕ್ಕೆ ನಿಂತವನು ಫ್ರೆಂಚ್ ಲೇಖಕ ವೋಲ್ಟೇರ್. 1778ರ ಮೇ ತಿಂಗಳಲ್ಲಿ ತೀರ್ಪು ರದ್ದಾಯಿತೆಂಬ ಸುದ್ದಿ ತಲುಪಿದಾಗ ವೋಲ್ಟೇರ್ ಮರಣಶಯ್ಯೆಯಲ್ಲಿದ್ದ. ಇನ್ನು ನೆಮ್ಮದಿಯಿಂದ ಸಾಯುತ್ತೇನೆ ಎಂದು ಟ್ರೊಫೀಮ್‌ಗೆ ನಾಲ್ಕು ಸಾಲು ಬರೆಸಿ, ನಾಲ್ಕು ದಿನಕ್ಕೆ ತೀರಿಕೊಂಡ. ಪ್ರಕರಣ ಮಾತ್ರ ಮತ್ತೆ ಪ್ರಾಂತೀಯ ನ್ಯಾಯಾಲಯಗಳ ನಡುವೆ ಸುತ್ತಿತು. 1789ರ ಕ್ರಾಂತಿಯ ಸಭೆಯಲ್ಲಿ ಕೂತ ಟ್ರೊಫೀಮ್ 1830ರಲ್ಲಿ ತೀರಿಹೋದ. ಫ್ರಾನ್ಸಿನಲ್ಲಿ ಹೆಸರು ಮುಂದುವರಿದದ್ದು ಅಳಿಯನ ಮನೆತನದ ಹೆಸರಿನ ಬಾಲವಾಗಿ.

ಐರ್ಲೆಂಡಿನಲ್ಲೇ ಉಳಿದವರ ಕಥೆ ಕೋರ್ಟು ಕಚೇರಿಗಳಿಲ್ಲದ್ದು, ಆದ್ದರಿಂದ ಹುಡುಕುವುದು ಕಷ್ಟ. 1922ರ ಅಂತರ್ಯುದ್ಧದಲ್ಲಿ ಡಬ್ಲಿನ್‌ನ ದಾಖಲೆ ಕಚೇರಿ ಸುಟ್ಟು, 1821ರಿಂದ 1851ರವರೆಗಿನ ಜನಗಣತಿಗಳ ಬಹುಪಾಲು ಬೂದಿಯಾಯಿತು. ಸಿಗುವ ಕಾಗದಪತ್ರಗಳಲ್ಲಿ ಲಾಲಿಗಳು ಗಾಲ್ವೇ, ಮೇಯೋ ಜಿಲ್ಲೆಗಳಲ್ಲಿ ಕಾಣುತ್ತಾರೆ. ‘ಮುಲ್’ ಉಳಿಸಿಕೊಂಡ ಮುಲ್ಲಾಲಿಗಳು ಹೆಚ್ಚಾಗಿ ಟಿಪ್ಪರೇರಿ, ಕಿಲ್ಕೆನಿ ಕಡೆಯವರು. 1845ರಿಂದ ಆಲೂಗಡ್ಡೆ ಬೆಳೆ ನಾಶವಾಗಿ ಬಂದ ಕ್ಷಾಮ ಎರಡೂ ಕವಲುಗಳನ್ನು ಅಮೆರಿಕದ ಹಡಗು ಹತ್ತಿಸಿತು. ಎಲಿಸ್ ದ್ವೀಪದ ಅಧಿಕಾರಿಗಳು ವಲಸಿಗರ ಹೆಸರು ಮೊಟಕುಗೊಳಿಸಿದರು ಎಂಬ ಕಥೆಯನ್ನು ಅಮೆರಿಕದ ಮನೆಮನೆಯಲ್ಲಿ ಹೇಳುತ್ತಾರೆ. ಅಲ್ಲಿನವರ ಕೈಯಲ್ಲಿದ್ದದ್ದು ಹಡಗು ಹೊರಟ ಬಂದರಿನಲ್ಲೇ ಬರೆದ ಪಟ್ಟಿ, ಅವರು ಅದನ್ನು ತಾಳೆ ನೋಡುತ್ತಿದ್ದರಷ್ಟೆ. ಆ ದ್ವೀಪದ ಕಚೇರಿ ಬಾಗಿಲು ತೆರೆದದ್ದೇ 1892ರಲ್ಲಿ. ಲಾಲಿಗಳ ‘ಓ’ ಅದಕ್ಕೆ ಎಷ್ಟೋ ಮೊದಲೇ ಊರಿನಲ್ಲೇ ಉದುರಿತ್ತು.

ಹೆಸರು ಇಂದಿಗೂ ಅಲ್ಲಲ್ಲಿ ತಲೆಯೆತ್ತುತ್ತದೆ. 1975ರಲ್ಲಿ ಗಾಲ್ವೇಯಲ್ಲಿ ಡ್ರೂಯಿಡ್ ನಾಟಕ ತಂಡ ಕಟ್ಟಿದವರಲ್ಲಿ ಒಬ್ಬರು ಮೇಯೋದ ಐರಿಷ್ ಭಾಷಿಕ ನಟ ಮಿಕ್ ಲಾಲಿ. ಫೋರ್ಡ್ ಕಂಪನಿಯನ್ನು ನಡೆಸಿದ ಅಲನ್ ಮುಲಾಲಿ ಅವರದ್ದೂ ಇದೇ ಹೆಸರು. 2025ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸ್ಥಾನಕ್ಕೆ ಹೆಸರಿಸಲಾದ ಮೊದಲ ಮಹಿಳೆ ಸಾರಾ ಮುಲ್ಲಾಲಿ ಅವರಿಗೆ ಅದು ಗಂಡನ ಮನೆಯಿಂದ ಬಂದದ್ದು.

ಆದರೆ ಕಂಡ ಲಾಲಿಗಳನ್ನೆಲ್ಲ ಗಾಲ್ವೇಗೆ ಕಟ್ಟಿಹಾಕಬಾರದು. ಇಂಗ್ಲಿಷಿನಲ್ಲಿ ಇದೇ ಕಾಗುಣಿತದಲ್ಲಿ ಬರೆದುಕೊಳ್ಳುವ ಪಂಜಾಬಿಗಳಿದ್ದಾರೆ, ಅದು ಅವರ ಜಾಟ್ ಗೋತ್ರದ ಹೆಸರು. ನಮ್ಮ ಶ್ರೀರಂಗಪಟ್ಟಣದಲ್ಲೂ ಒಬ್ಬನಿದ್ದಾನೆ. ದರಿಯಾ ದೌಲತ್‌ನ ಪಶ್ಚಿಮದ ಗೋಡೆಯಲ್ಲಿ 1780ರ ಪೊಳ್ಳಿಲೂರು ಕದನದ ಚಿತ್ರವಿದೆ. ಅದರಲ್ಲಿ ದುರ್ಬೀನು ಹಿಡಿದ ಫ್ರೆಂಚ್ ಅಧಿಕಾರಿಯನ್ನು ಇಂಗ್ಲಿಷ್ ಬರಹಗಳು ‘ಕರ್ನಲ್ ಲಾಲಿ’ ಎಂದೇ ಕರೆಯುತ್ತವೆ. ಹೈದರನ ಯುರೋಪಿಯನ್ ತುಕಡಿಯ ಮುಖ್ಯಸ್ಥನಾಗಿದ್ದ ಅವನ ನಿಜವಾದ ಹೆಸರು ಲಲ್ಲೆ, ಮೋಟ್ಜ್ ಎಂಬ ಬೇರೆಯೇ ಮನೆತನದವನು. ವಂದವಾಸಿಯ ಲಾಲಿಗೂ ಅವನಿಗೂ ರಕ್ತಸಂಬಂಧವಿಲ್ಲ. ಇಂಗ್ಲಿಷರ ಲೇಖನಿ ಇಲ್ಲಿಯೂ ಕಿವಿಗೆ ಬಿದ್ದದ್ದನ್ನೇ ಬರೆದುಕೊಂಡಿತ್ತು.